ತಲೆ ಮೇಲೆ ಮಾಡಿ ಕೂತ ನೊಣ

ಮನೆನೊಣ ಗೋಡೆಗೆ ಕೂತರೆ ತಲೆ ಕೆಳಗೆ,
ಇದು ತಲೆ ಮೇಲೆ ಮಾಡಿ ಕೂರುತ್ತದೆ.
ನನಗಿದನ್ನು ತೋರಿಸಿಕೊಟ್ಟದ್ದು ಇಲಾಖೆಯ ಕೈಪಿಡಿಯಲ್ಲ,
ಮುದರಂಗಡಿಯ ಸೆವ್ರಿನ್ ಬಾಯಿ,
ಹಿಡಿಸೂಡಿಯ ಒಂದು ಕಡ್ಡಿ ಚಾಚಿ:
"ನೋಡಿ, ಇದಕ್ಕೆ ಮೂತಿಯಲ್ಲಿ ಸೂಜಿ ಉಂಟು.
ಕಿವಿಗೇ ಕೂರುದು.
ಅಲ್ಲಿ ಚರ್ಮ ತೆಳು ಅಲ್ವಾ."

ನಾನು ಹಳದಿ ಅಂಟುಹಾಳೆ ತೂಗಹಾಕಲು ಹೋದವನು.
ಹದಿನಾಲ್ಕು ಹಾಳೆ, ಎಲ್ಲಕ್ಕೂ ನಂಬರು.
ನೀರಿನ ತೊಟ್ಟಿಗೆ ಒಂದು, ಮರಿಗಳ ಗೂಡಿಗೆ ಒಂದು,
ಮುಸುರೆಯ ಡ್ರಮ್ಮಿನ ಮೇಲೆ ಒಂದು.
ಉಡುಪಿಯ ನಾಲ್ಕು ಹೋಟೆಲಿನ ಅನ್ನ, ಸಾಂಬಾರು, ಅರ್ಧ ಕಚ್ಚಿದ ಬನ್ಸು
ಒಳಗೆ ಹುಳಿಯುತ್ತಿತ್ತು.

ಹೊಳೆಯಾಚೆ ಆಗಲೇ ಒಂದು ಕೊಟ್ಟಿಗೆ ಖಾಲಿ.
ಕಿವಿ ನೀಲಿ, ಹೊಟ್ಟೆಯಡಿ ಕೆಂಪು,
ಆಮೇಲೆ ಜೆಸಿಬಿ, ಗುಂಡಿ, ಸುಣ್ಣ.
ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದು
ರಿಕ್ಷಾಕ್ಕೆ ಮೈಕು ಕಟ್ಟಿ ಹೇಳಿದರೂ
ಆ ಭಾನುವಾರ ಇಗರ್ಜಿಯ ಅಂಗಳದಲ್ಲಿ
ಒಬ್ಬರೂ ಬಾಫಾತಿನ ಸುದ್ದಿ ಎತ್ತಲಿಲ್ಲ.

"ನೊಣ ತರ್ತದಾ?"
ಸಾಧ್ಯತೆ ಇದೆ, ಅಂದೆ.
"ಹಾಗಂದ್ರೆ? ತರ್ತದೆ ಅಂತಾ, ಇಲ್ಲ ಅಂತಾ?"

ರೋಗದ ಹಂದಿಯ ರಕ್ತ ಹೀರಿದ ಮೂತಿಯಲ್ಲಿ
ವೈರಸ್ಸು ಒಂದೆರಡು ದಿನ ಉಳಿಯಬಹುದು,
ಚುಚ್ಚಿದರೆ ದಾಟಬಹುದು,
ಹಂದಿ ನೊಣವನ್ನೇ ನುಂಗಿದರೂ ದಾಟಬಹುದು.
ಆಫ್ರಿಕದಲ್ಲಿ ಒಂದು ಉಣ್ಣಿ ಉಂಟಂತೆ,
ವರ್ಷಗಟ್ಟಲೆ ರೋಗವನ್ನು ಮೈಯಲ್ಲಿ ಇಟ್ಟುಕೊಳ್ಳುವಂಥದ್ದು;
ನಿಮ್ಮ ಈ ಮುರಕಲ್ಲಿನ ಸಂದಿಗಳಲ್ಲಿ
ನಾನಂತೂ ಅದನ್ನು ಕಂಡಿಲ್ಲ.

ಬಾಯಿ ನಕ್ಕರು.
"ಹೆಣ್ಣು ನೋಡಲು ಬಂದವರು ಹೀಗೇ ಹೇಳುದು ಮಾರಾಯ್ರೆ,
ಮನೆಗೆ ಹೋಗಿ ತಿಳಿಸ್ತೇವೆ ಅಂತ."

ಆಮೇಲೆ ಹಿಂದಿನ ಗೂಡಿಗೆ ಕರೆದುಕೊಂಡು ಹೋದರು.
ಅಲ್ಲಿ ಗಬ್ಬದ ಹಂದಿ, ನಾಲ್ಕು ಮೂಲೆಗೂ ಹಗ್ಗ ಕಟ್ಟಿ
ಗುಲಾಬಿ ಅಂಚಿನ ಸೊಳ್ಳೆಪರದೆ.
"ನನ್ನ ಮದುವೆಯದ್ದು. ತವರಿನವರು ಕೊಟ್ಟದ್ದು.
ಈಗ ಇವಳಿಗೆ."
ಬೇರೆ ಯಾವುದಕ್ಕೂ ಹೆಸರಿಲ್ಲ, ಇಟ್ಟರೆ ಮಾರಲಿಕ್ಕಾಗುವುದಿಲ್ಲ.
ಇದೊಂದಕ್ಕೆ ಟೀಚರ್ ಅಂತ ಹೆಸರು,
ಊಟ ತಡವಾದರೆ ಇಡೀ ವಾಡೆಗೆ ಕೇಳುವ ಹಾಗೆ ಬೈಯುತ್ತದಂತೆ.
ಪರದೆಯೊಳಗಿಂದ ಟೀಚರ್
ನನ್ನ ಬೂಟನ್ನು ಬಹಳ ಹೊತ್ತು ನೋಡಿತು.

ಬೆಳ್ಮಣ್ಣಿನ ದಾರಿ. ಪೆಟ್ರೋಲಿಗೆ ನಿಂತಾಗ
ಸ್ಕೂಟರಿನ ಕನ್ನಡಿಯಲ್ಲಿ ನನ್ನ ಗಲ್ಲದ ಮೇಲೊಂದು ಕಪ್ಪು ಚುಕ್ಕೆ.
ಒರೆಸಿದೆ. ಹೋಗಲಿಲ್ಲ.
ಅದು ಗಾಜಿನ ಮೇಲೆ ಇತ್ತು.
ತಲೆ ಮೇಲೆ.
ಹೊಟ್ಟೆ ತುಂಬಿ ಹೊಳೆಯುತ್ತಿತ್ತು, ಯಾರ ರಕ್ತವೋ.
ಚೀಲದಲ್ಲಿ ನಂಬರು ಬರೆದ ನೂರಾರು ನೊಣಗಳು,
ಇದಕ್ಕೊಂದಕ್ಕೆ ನಂಬರಿಲ್ಲ.

ಬೆಳಿಗ್ಗೆ ನಾನು ಮೊದಲು ಹೋದದ್ದು ಹೊಳೆಯಾಚೆ.
ಗುಂಡಿಯ ಬದಿಯಲ್ಲಿ, ಇದೇ ಸ್ಕೂಟರು ನಿಲ್ಲಿಸಿ.
ಬೂಟು ತೊಳೆದಿದ್ದೆ, ಕೈ ತೊಳೆದಿದ್ದೆ.
ಕನ್ನಡಿಯನ್ನು ಯಾರು ತೊಳೆಯುತ್ತಾರೆ?

ಬೆಳ್ಮಣ್ಣಿಗೆ ಹೋಗಲಿಲ್ಲ. ಫೋನು ಮಾಡಿದೆ.
ಬಾಯಿ, ನೊಣದ ಬಗ್ಗೆ ಕೇಳಿದಿರಿ,
ನಾನು ಎಲ್ಲಿಂದ ಬಂದೆ ಅಂತ ಕೇಳಲಿಲ್ಲವಲ್ಲ.
ಆ ಕಡೆ ಮಾತಿಲ್ಲ.
ಹಿಂದೆ ಬಕೆಟಿನ ಸದ್ದು,
ಅದರ ಹಿಂದೆ ಟೀಚರ್ ಬೈಯುವುದು, ಗಟ್ಟಿಯಾಗಿ,
ಹಸಿದ, ಸರಿಯಾದ ಬೈಗುಳ.

ಹತ್ತೊಂಬತ್ತು ದಿನ ಎಣಿಸಬೇಕು.
ಇವತ್ತು ಮೂರು.
ದಿನಾ ಸಂಜೆ ಊಟದ ಹೊತ್ತಿಗೆ ಫೋನು ಮಾಡುತ್ತೇನೆ,
ಬಾಯಿ ಹಲೋ ಅನ್ನುವುದಿಲ್ಲ,
ಫೋನನ್ನು ಸುಮ್ಮನೆ ಗೂಡಿನ ಕಡೆ ಹಿಡಿಯುತ್ತಾರೆ.